ತಂತ್ರಾಂಶದ ಆಯ್ಕೆಯೂ ಬಳಕೆದಾರರ ನೆರವೂ

ಬರೆವಣಿಗೆಗೆ, ಲೆಕ್ಕಪತ್ರಕ್ಕೆ, ಮಕ್ಕಳ ಪಾಠಕ್ಕೆ, ಸಂಗೀತ ಚಲಚ್ಚಿತ್ರಾದಿ ವಿನೋದಗಳಿಗೆ ಕಂಪ್ಯೂಟರನ್ನು ನೆಚ್ಚಿಕೊಂಡಿರುವ ಇಂದಿನ ಗೃಹಸ್ಥನು ಆ ಯಂತ್ರವನ್ನು ಕೊಳ್ಳುವಾಗ ಅದರ ಬೆಲೆಯನ್ನೂ ತೂಕವನ್ನೂ ಬಾಳಿಕೆಯನ್ನೂ ವಿಚಾರಿಸುತ್ತಾನೆ, ನಾಲ್ಕು ಅಂಗಡಿಗಳನ್ನು ಹತ್ತಿಳಿಯುತ್ತಾನೆ, ಬಲ್ಲವರೆನಿಸಿದ ಬಂಧುಗಳ ಅಭಿಪ್ರಾಯವನ್ನು ಕೇಳುತ್ತಾನೆ. ಆದರೆ ಆ ಯಂತ್ರದಿಂದ ಕೆಲಸ ತೆಗೆಯುವ ತಂತ್ರಾಂಶಗಳ ವಿಷಯದಲ್ಲಿ ಮಾತ್ರ ಆತನು ಆರಿಸುವ ಶ್ರಮವನ್ನೇ ವಹಿಸುವುದಿಲ್ಲ. ಅಂಗಡಿಯವನು ಹಾಕಿ ಕೊಟ್ಟದ್ದು, ಕಛೇರಿಯಲ್ಲಿ ಕಂಡು ರೂಢಿಯಾದದ್ದು, ರಜೆಗೆ ಬಂದ ನೆಂಟರ ಹುಡುಗನು ಎಲ್ಲಿಂದಲೋ ಇಳಿಸಿಕೊಟ್ಟದ್ದು, ಹೀಗೆ ಒಂದೊಂದಾಗಿ ಅವು ಯಂತ್ರದೊಳಗೆ ಸೇರಿಕೊಳ್ಳುತ್ತವೆ. ಸೇರಿಕೊಂಡ ಮೇಲೆ ಅವುಗಳನ್ನು ಪ್ರಶ್ನಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಇದರಿಂದ ಹಾನಿಯೇನೆಂದು ಕೇಳುವವರಿರಬಹುದು. ತಂತ್ರಾಂಶವೆಂಬುದು ಒಮ್ಮೆ ಬಳಸಿ ಬಿಸುಡುವ ಪದಾರ್ಥವಾಗಿದ್ದರೆ ಹಾನಿಯೇನೂ ಇರುತ್ತಿರಲಿಲ್ಲ. ಆದರೆ ಹತ್ತು ವರ್ಷ ಒಂದೇ ತಂತ್ರಾಂಶದಲ್ಲಿ ಬರೆದವನ ಬರೆಹಗಳೆಲ್ಲವೂ ಅದರ ಕಡತಗಳಲ್ಲಿ ಉಳಿದಿರುತ್ತವೆ; ಆತನ ಬೆರಳುಗಳು ಅದರ ಕೀಲಿಮಣೆಗೆ ಪಳಗಿರುತ್ತವೆ; ಆತನೊಡನೆ ಪತ್ರವ್ಯವಹಾರ ಮಾಡುವವರೂ ಅದನ್ನೇ ನಿರೀಕ್ಷಿಸುತ್ತಿರುತ್ತಾರೆ. ಹೀಗೆ ಯೋಚಿಸದೆ ಒಪ್ಪಿಕೊಂಡ ವಸ್ತುವು ಕಾಲಕ್ರಮದಲ್ಲಿ ಬಿಡಲಾರದ ವಸ್ತುವಾಗುವುದರಿಂದ, ಒಪ್ಪಿಕೊಳ್ಳುವುದಕ್ಕೆ ಮುಂಚೆಯೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ವಿವೇಕ. ನನ್ನ ಬರೆಹವು ಈ ತಂತ್ರಾಂಶದಿಂದ ಕ್ಷೇಮವಾಗಿ ಹೊರಕ್ಕೆ ಬರುವುದೆ? ಇದರ ಬೆಲೆಯನ್ನು ನಾನು ಯಾವ ರೂಪದಲ್ಲಿ ತೆರುವೆನು, ಮತ್ತು ಇದರ ಒಡೆಯರು ನಾಳೆ ಇದನ್ನು ಕೈಬಿಟ್ಟರೆ ನನ್ನ ಗತಿಯೇನು? ಕೆಲಸವು ನಡುವೆ ತಡೆದು ನಿಂತಾಗ ನನಗೆ ಉತ್ತರ ಹೇಳುವವರು ಯಾರು? ಮೊದಲಿನ ಎರಡು ಪ್ರಶ್ನೆಗಳನ್ನು ಎಚ್ಚರವುಳ್ಳ ಕೆಲವರಾದರೂ ಕೇಳುತ್ತಾರೆ. ಮೂರನೆಯದನ್ನು ಕೇಳುವವರು ಅತಿ ವಿರಳ. ಆದರೂ ದಿನಬಳಕೆಯ ಸುಖದುಃಖಗಳು ಬಹುಮಟ್ಟಿಗೆ ನಿಂತಿರುವುದು ಅದರ ಮೇಲೆಯೇ.

ಮೊದಲನೆಯ ಪ್ರಶ್ನೆಯ ಮಹತ್ತ್ವವನ್ನು ಕನ್ನಡದಲ್ಲಿ ಬರೆಯುವವರು ಕಷ್ಟಪಟ್ಟೇ ಕಲಿತಿದ್ದಾರೆ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡವು ಮೂಡಿದ ಬಗೆ ವಿಲಕ್ಷಣವಾದುದು. ಇಂಗ್ಲಿಷಿನ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡ ಲಿಪಿಯ ತುಂಡುಗಳನ್ನು, ಎಂದರೆ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಚಿತ್ರಿಸಿಟ್ಟು, ಅವುಗಳನ್ನು ಜೋಡಿಸಿ ಅಕ್ಷರಗಳನ್ನು ಕಟ್ಟುವ ಉಪಾಯವನ್ನು ಅಂದಿನ ತಜ್ಞರು ಕಂಡುಕೊಂಡರು. ಕಣ್ಣಿಗೆ ಅದು ಕನ್ನಡ. ಯಂತ್ರದ ಪಾಲಿಗೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಈ ತುಂಡುಗಳನ್ನು ಯಾವ ಸ್ಥಾನದಲ್ಲಿಡಬೇಕೆಂಬುದನ್ನು ಒಬ್ಬೊಬ್ಬ ತಯಾರಕರು ತಮಗೆ ತೋರಿದಂತೆ ನಿರ್ಣಯಿಸಿದ್ದರಿಂದ, ಪುಣೆಯ ಸಂಸ್ಥೆಯೊಂದರ ಶ್ರೀಲಿಪಿ ಎಂಬ ತಂತ್ರಾಂಶದಲ್ಲಿ ಬೆರಳಚ್ಚಾದ ಲೇಖನವು ಕನ್ನಡ ಗಣಕ ಪರಿಷತ್ತಿನ ನುಡಿ ಎಂಬ ತಂತ್ರಾಂಶದ ಅಕ್ಷರರೂಪದಲ್ಲಿ ತೆರೆದಾಗ ಯಾವ ಭಾಷೆಗೂ ಸೇರದ ಚಿಹ್ನೆಗಳ ರಾಶಿಯಾಗುತ್ತಿತ್ತು. 1998ರಲ್ಲಿ ಹೊರಬಂದು ದೇಶವಿದೇಶಗಳ ಕನ್ನಡಿಗರ ಮನೆಗಳನ್ನು ತಲಪಿದ ಬರಹ ಎಂಬ ತಂತ್ರಾಂಶವೂ, ಸರಕಾರದ ಕಛೇರಿಗಳಲ್ಲಿ ನೆಲೆಯೂರಿದ ನುಡಿಯೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಅವುಗಳಿಲ್ಲದಿದ್ದರೆ ಒಂದು ತಲೆಮಾರಿನ ಬರೆಹಗಾರರು ಯಂತ್ರದ ಹತ್ತಿರಕ್ಕೇ ಸುಳಿಯುತ್ತಿರಲಿಲ್ಲ. ಆದರೆ ಅಂದಿನ ಕಡತಗಳಿಗೆ ಆಯಾ ಅಕ್ಷರರೂಪವಿಲ್ಲದೆ ಅರ್ಥವೇ ಇಲ್ಲವೆಂಬುದು ಬಳಿಕ ತಿಳಿದುಬಂದಿತು.

1991ರಲ್ಲಿ ಮೊದಲ ಆವೃತ್ತಿಯನ್ನು ಕಂಡ ಯೂನಿಕೋಡ್ ಸಂಕೇತವ್ಯವಸ್ಥೆಯು ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ನೆಲೆಯನ್ನು ಕೊಟ್ಟು ಈ ಅವ್ಯವಸ್ಥೆಗೆ ಪರಿಹಾರವನ್ನು ಸೂಚಿಸಿತು. ಆ ವ್ಯವಸ್ಥೆಯಲ್ಲಿ ‘ಕ’ ಎಂಬ ಅಕ್ಷರವು ಯಾವ ಅಕ್ಷರರೂಪದಲ್ಲಿ ಕಂಡರೂ, ಯಾವ ದೇಶದ ಯಂತ್ರದಲ್ಲಿ ತೆರೆದರೂ ‘ಕ’ವೇ ಆಗಿರುತ್ತದೆ, ಅದನ್ನು ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಅಕ್ಷರರೂಪವು ದೊರೆತ ಮೇಲೆ ಈ ದಾರಿಯು ಸಾಮಾನ್ಯ ಬಳಕೆದಾರರಿಗೂ ತೆರೆಯಿತು. ಆದರೂ ಮುದ್ರಣಾಲಯಗಳು ಬಹುಕಾಲ ಹಳೆಯ ದಾರಿಯನ್ನು ಬಿಡಲಿಲ್ಲ. ಏಕೆಂದರೆ ಅವರು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ 2001ರ ಏಳನೆಯ ಆವೃತ್ತಿಯೊಡನೆ ನಿಂತುಹೋಗಿತ್ತು, ಮತ್ತು ಅದಕ್ಕೆ ಯೂನಿಕೋಡ್ ಎಂಬುದು ತಿಳಿದೇ ಇರಲಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರೇ ರಚಿಸಿ ಉಚಿತವಾಗಿ ಹಂಚಿದರು. ಆದರೆ ಪರಿವರ್ತನೆಯಾದ ಪ್ರತಿಯೊಂದು ಪುಟವನ್ನೂ ಮತ್ತೆ ತಿದ್ದಬೇಕಾಗುತ್ತದೆ: ಅರ್ಕಾವತ್ತು ಸ್ಥಾನ ತಪ್ಪುವುದುಂಟು, ಒತ್ತು ಕಳಚುವುದುಂಟು, ನಡುನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥಹೀನವಾದ ಕನ್ನಡವಾಗಿ ಮಾರ್ಪಡುವುದುಂಟು. ಬರೆಯುವಾಗ ಉಳಿಸಿದ ಒಂದು ಗಳಿಗೆಯ ವಿಚಾರವನ್ನು ಬಹುದಿನಗಳ ತಿದ್ದುಪಡಿಯಿಂದ ತೀರಿಸಬೇಕಾಯಿತೆಂಬುದೇ ಇದರ ತಾತ್ಪರ್ಯ.

ಬೆರಳಿನ ಅಭ್ಯಾಸದ ವಿಷಯದಲ್ಲಿ ಮಾತ್ರ ಕನ್ನಡವು ಭಾಗ್ಯಶಾಲಿ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿದ ಕ್ರಮವನ್ನು ಕರ್ನಾಟಕ ಸರಕಾರವು ಅಂಗೀಕರಿಸಿದ್ದರಿಂದ, ಮತ್ತು ಆ ಕ್ರಮವು ನುಡಿಯಲ್ಲಿಯೂ ಲಿನಕ್ಸ್ ವ್ಯವಸ್ಥೆಗಳಲ್ಲಿಯೂ ಒಂದೇ ತೆರನಾಗಿ ದೊರೆಯುವುದರಿಂದ, ಒಮ್ಮೆ ಅದನ್ನು ಕಲಿತವನು ತಂತ್ರಾಂಶವನ್ನು ಬದಲಿಸಿದ ಮಾತ್ರಕ್ಕೆ ಬೆರಳುಗಳಿಗೆ ಹೊಸದಾಗಿ ಪಾಠ ಹೇಳಬೇಕಾಗುವುದಿಲ್ಲ. ಯಾರಿಗೂ ಸ್ವಂತವಲ್ಲದ, ಎಲ್ಲರೂ ಅನುಸರಿಸಬಹುದಾದ ಮಾನಕದ ಪ್ರಯೋಜನವು ಇಂಥದು. ಅಕ್ಷರಕ್ಕೆ ಯೂನಿಕೋಡ್ ಹೇಗೋ, ಕಡತಕ್ಕೆ ಓಪನ್ ಡಾಕ್ಯುಮೆಂಟ್ ಎಂಬ ಮಾನಕವು ಹಾಗೆ. 2006ರಲ್ಲಿ ಅಂತರರಾಷ್ಟ್ರೀಯ ಮಾನಕಗಳ ಸಂಸ್ಥೆಯು ಅದನ್ನು 26300ನೆಯ ಸಂಖ್ಯೆಯ ಮಾನಕವಾಗಿ ಪ್ರಕಟಿಸಿತು. ಎರಡು ವರ್ಷಗಳ ತರುವಾಯ ಮೈಕ್ರೋಸಾಫ್ಟ್ ವರ್ಡ್ ಮೊದಲಾದವುಗಳ ಇಂದಿನ ಕಡತರೂಪವೂ 29500ನೆಯ ಮಾನಕವಾಯಿತು. ಈ ಎರಡರಲ್ಲಿ ಯಾವುದನ್ನು ಬಳಸಿದರೂ ಒಂದು ತಂತ್ರಾಂಶದ ಬರೆಹವನ್ನು ಇನ್ನೊಂದು ಬಹುಮಟ್ಟಿಗೆ ತೆರೆದು ತೋರಿಸುತ್ತದೆ. ಬಹುಮಟ್ಟಿಗೆ ಎಂದೆನೇ ಹೊರತು ಪೂರ್ತಿಯಾಗಿ ಎನ್ನಲಿಲ್ಲ: ಕೋಷ್ಟಕಗಳು ಪಕ್ಕಕ್ಕೆ ಸರಿಯುತ್ತವೆ, ಅಡಿಟಿಪ್ಪಣಿಗಳು ಪುಟ ದಾಟುತ್ತವೆ. ಆದುದರಿಂದ ಹೊಸ ತಂತ್ರಾಂಶವನ್ನು ಪರೀಕ್ಷಿಸುವವನು ಅದರ ಜಾಹೀರಾತನ್ನು ಓದದೆ, ತನ್ನದೇ ಆದ ಒಂದು ನಿಜವಾದ ಕೆಲಸವನ್ನು, ಅಡಿಟಿಪ್ಪಣಿ ಕೋಷ್ಟಕ ಚಿತ್ರಗಳಿರುವ ಒಂದು ದೀರ್ಘ ಲೇಖನವನ್ನು, ಅದರೊಳಕ್ಕೆ ತಂದು, ತಿದ್ದಿ, ಮತ್ತೆ ಹೊರಕ್ಕೆ ಒಯ್ದು ನೋಡತಕ್ಕದ್ದು.

ಎರಡನೆಯ ಪ್ರಶ್ನೆಯು ಬೆಲೆಗೆ ಸಂಬಂಧಿಸಿದುದು. ಒಮ್ಮೆ ಹಣ ಕೊಟ್ಟು ಪಡೆಯುವ ತಂತ್ರಾಂಶಗಳುಂಟು. ತಿಂಗಳು ತಿಂಗಳಿಗೆ ಚಂದಾ ತೆರಬೇಕಾದುವುಂಟು. ಅಡೋಬಿ ಸಂಸ್ಥೆಯು 2013ರಿಂದ ತನ್ನ ಫೋಟೋಶಾಪ್ ಮೊದಲಾದುವುಗಳ ಹೊಸ ಆವೃತ್ತಿಗಳನ್ನು ಈ ಎರಡನೆಯ ಪದ್ಧತಿಗೆ ಸೇರಿಸಿತು. ಹಣ ಕೇಳದೆ ಜಾಹೀರಾತುಗಳನ್ನು ತೋರಿಸಿ, ಇಲ್ಲವೆ ಬಳಕೆದಾರನ ನಡೆನುಡಿಗಳನ್ನು ಗಮನಿಸಿ ಲಾಭ ಪಡೆಯುವುವುಂಟು. ಇವೆಲ್ಲಕ್ಕಿಂತ ಭಿನ್ನವಾದುದು 1983ರಲ್ಲಿ ರಿಚರ್ಡ್ ಸ್ಟಾಲ್ಮನ್ನರು ಅಮೆರಿಕೆಯಲ್ಲಿ ಆರಂಭಿಸಿದ ಚಳವಳಿಯ ಸ್ವತಂತ್ರ ತಂತ್ರಾಂಶ. ಅದನ್ನು ಯಾವ ಉದ್ದೇಶಕ್ಕಾದರೂ ನಡೆಸುವ, ಅದರ ಮೂಲಸಂಕೇತವನ್ನು ಓದಿ ಮಾರ್ಪಡಿಸುವ, ಪ್ರತಿಗಳನ್ನು ಹಂಚುವ, ಮಾರ್ಪಟ್ಟ ರೂಪವನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳನ್ನು ಬಳಕೆದಾರನಿಗೆ ಕಾಯಿದೆಬದ್ಧವಾಗಿ ಕೊಡುವುದೇ ಅದರ ಲಕ್ಷಣ. ಇನ್ನು ಕದ್ದ ಪ್ರತಿಗಳ ವಿಷಯ: ಬೀಗ ಮುರಿದ ತಂತ್ರಾಂಶವನ್ನು ಉಚಿತವಾಗಿ ಹಂಚುವವನು ಅದರೊಳಗೆ ಮತ್ತೇನನ್ನು ಸೇರಿಸಿರುವನೆಂಬುದು ಬಳಕೆದಾರನಿಗೆ ಗೊತ್ತಾಗುವ ಹಾಗಿಲ್ಲ, ಹೀಗಾಗಿ ನ್ಯಾಯದ ಮಾತನ್ನು ಬದಿಗಿಟ್ಟರೂ ಅದು ಜಾಣತನದ ಲಕ್ಷಣವಲ್ಲ.

ಬೆಲೆಯ ಜೊತೆಯಲ್ಲಿಯೇ ಆಯುಷ್ಯವನ್ನೂ ವಿಚಾರಿಸಬೇಕು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಯಂತ್ರವು ಗಟ್ಟಿಮುಟ್ಟಾಗಿದ್ದರೂ ಭದ್ರತೆಯ ತಿದ್ದುಪಡಿಗಳು ಬಾರದೆ ಹೋದಾಗ ಅದನ್ನು ಅಂತರ್ಜಾಲಕ್ಕೆ ಒಡ್ಡುವುದು ಅಪಾಯಕರ. ಲಕ್ಷಾಂತರ ಓದುಗರು ನೆಚ್ಚಿದ್ದ ಗೂಗಲ್ ರೀಡರ್ 2013ರಲ್ಲಿಯೂ, ಮನೆಮನೆಯ ಛಾಯಾಚಿತ್ರಗಳನ್ನು ಜೋಡಿಸಿಡುತ್ತಿದ್ದ ಪಿಕಾಸಾ 2016ರಲ್ಲಿಯೂ ಒಡೆಯರ ಒಂದು ನಿರ್ಧಾರದಿಂದ ನಿಂತುಹೋದುವು. ಬಳಕೆದಾರರು ಬೇಡವೆಂದರೂ ಕೇಳುವವರಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಲಿಬ್ರೆಆಫೀಸ್ ಎಂಬ ಬರೆವಣಿಗೆಯ ತಂತ್ರಾಂಶದ ಚರಿತ್ರೆಯನ್ನು ನೋಡಬಹುದು. ಅದರ ಮೂಲವು ಜರ್ಮನಿಯ ಸ್ಟಾರ್ ಡಿವಿಜನ್ ಎಂಬ ಕಂಪೆನಿಯ ಸ್ಟಾರ್‌ಆಫೀಸ್. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಆ ಕಂಪೆನಿಯನ್ನು ಕೊಂಡುಕೊಂಡು, ಮರುವರ್ಷ ಮೂಲಸಂಕೇತವನ್ನು ಓಪನ್‌ಆಫೀಸ್ ಎಂಬ ಹೆಸರಿನಲ್ಲಿ ಲೋಕಕ್ಕೆ ತೆರೆದಿಟ್ಟಿತು. 2010ರಲ್ಲಿ ಸನ್ ಸಂಸ್ಥೆಯೇ ಒರೇಕಲ್‌ನ ವಶವಾಯಿತು. ಹೊಸ ಒಡೆಯರ ಮನೋಭಾವದಲ್ಲಿ ನಂಬಿಕೆ ಸಾಲದ ಸ್ವಯಂಸೇವಕರೂ ಬಳಕೆದಾರರೂ ಅದೇ ವರ್ಷದ ಸೆಪ್ಟೆಂಬರ್ 28ರಂದು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಘಟನೆಯನ್ನು ಘೋಷಿಸಿ, ತೆರೆದಿದ್ದ ಮೂಲಸಂಕೇತವನ್ನು ತೆಗೆದುಕೊಂಡು ಲಿಬ್ರೆಆಫೀಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಒಡೆತನವು ಎರಡು ಬಾರಿ ಕೈಬದಲಿಸಿದರೂ ತಂತ್ರಾಂಶವು ಉಳಿದುದು ಯಾವ ಒಡೆಯನ ಕೃಪೆಯಿಂದಲೂ ಅಲ್ಲ; ಅದನ್ನು ಬಳಸುವವರಲ್ಲಿ ಒಂದು ಸಮುದಾಯವಿದ್ದುದರಿಂದ, ಮತ್ತು ಆ ಸಮುದಾಯಕ್ಕೆ ಮೂಲಸಂಕೇತವನ್ನು ಕೊಂಡೊಯ್ಯುವ ಹಕ್ಕಿದ್ದುದರಿಂದ. ಹಕ್ಕು ಮಾತ್ರವಿದ್ದು ಜನರಿಲ್ಲದಿದ್ದರೆ ಅದು ಪತ್ರದಲ್ಲಿಯೇ ಉಳಿಯುತ್ತಿತ್ತು.

ಇಲ್ಲಿಗೆ ನಾವು ಮೂರನೆಯ ಪ್ರಶ್ನೆಯ ಸಮೀಪಕ್ಕೆ ಬಂದೆವು. ಮನೆಯನ್ನು ಕೊಳ್ಳುವ ಅನುಭವಸ್ಥನು ಗೋಡೆಗಳ ಬಣ್ಣಕ್ಕೆ ಮರುಳಾಗದೆ ಬಾವಿಯ ನೀರನ್ನೂ ನೆರೆಹೊರೆಯವರನ್ನೂ ಮೊದಲು ವಿಚಾರಿಸುವಂತೆ, ತಂತ್ರಾಂಶವನ್ನು ಆರಿಸುವವನು ಅದನ್ನು ಈಗಾಗಲೇ ಬಳಸುತ್ತಿರುವವರು ಎಂಥವರೆಂಬುದನ್ನು ವಿಚಾರಿಸಬೇಕು. ಹಾಗೆ ವಿಚಾರಿಸಿದಾಗ ಉತ್ತರವು ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಚಿಕ್ಕ ಊರಿನ ಕಿರಾಣಿ ವರ್ತಕನು ತನ್ನ ಲೆಕ್ಕಕ್ಕೆ ಬೆಂಗಳೂರಿನ ಟ್ಯಾಲಿಯನ್ನು ಆರಿಸಿಕೊಂಡರೆ ಅದು ಅವಿವೇಕವಲ್ಲ. ಆತನ ಆಡಿಟರೂ, ಪಕ್ಕದ ಅಂಗಡಿಯ ಗುಮಾಸ್ತನೂ, ಊರಿನ ಕಾಲೇಜಿನಲ್ಲಿ ವಾಣಿಜ್ಯ ಓದಿದ ಹುಡುಗಿಯೂ ಅದನ್ನು ಬಲ್ಲವರಾಗಿರುವಾಗ ಅಲ್ಲಿ ನೆರವು ಕೈಯಳತೆಯಲ್ಲಿದೆ. ಪ್ರಕಾಶಕನು ವರ್ಡ್‌ನಲ್ಲಿಯೇ ತಿದ್ದುಪಡಿಗಳನ್ನು ಗುರುತಿಸಿ ಕಳುಹಿಸುವವನಾದರೆ ಲೇಖಕನು ಬೇರೊಂದನ್ನು ಹಿಡಿದು ಹಟಮಾಡುವುದರಿಂದ ಇಬ್ಬರಿಗೂ ಕ್ಲೇಶವೇ. ಸ್ವತಂತ್ರ ತಂತ್ರಾಂಶದ ಧ್ಯೇಯವು ಉದಾತ್ತವೆಂದ ಮಾತ್ರಕ್ಕೆ ಅದು ನೆರವಿಲ್ಲದ ಕಡೆಯಲ್ಲಿಯೂ ಬೇರುಬಿಡುವುದೆಂದು ತಿಳಿಯಲಾಗದು.

ಈ ಮಾತಿಗೆ ಎರಡು ನಿದರ್ಶನಗಳನ್ನು ಕೊಡಬಹುದು. ಜರ್ಮನಿಯ ಮ್ಯೂನಿಕ್ ನಗರಸಭೆಯು 2003ರಲ್ಲಿ ತನ್ನ ಕಛೇರಿಗಳನ್ನು ಲಿನಕ್ಸ್ ಎಂಬ ಸ್ವತಂತ್ರ ವ್ಯವಸ್ಥೆಗೆ ಒಯ್ಯಲು ನಿಶ್ಚಯಿಸಿ, ಹತ್ತು ವರ್ಷಗಳ ಶ್ರಮದಿಂದ ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿತು. ಆದರೆ ಹೊರಗಿನವರೊಡನೆ ಕಡತಗಳ ವಿನಿಮಯವು ಸುಗಮವಲ್ಲವೆಂಬ ನೌಕರರ ದೂರುಗಳ ನಡುವೆ, ರಾಜಕೀಯ ನಾಯಕತ್ವವೂ ಬದಲಾದ ಮೇಲೆ, 2017ರಲ್ಲಿ ವಿಂಡೋಸ್‌ಗೆ ಮರಳಲು ಅದೇ ಸಭೆಯು ತೀರ್ಮಾನಿಸಿತು. ನಮ್ಮ ನೆರೆಯ ಕೇರಳದಲ್ಲಿಯಾದರೋ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯು ಇದೇ ಶತಮಾನದ ಆದಿಭಾಗದಲ್ಲಿ ಸರಕಾರಿ ಶಾಲೆಗಳಿಗೆ ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನು ತಂದಿತು. ಆ ಯೋಜನೆಯು ಇಂದಿಗೂ ಬೇರೊಂದು ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿ ಮೊದಲು ತರಬೇತಿ ಪಡೆದವರು ಶಾಲಾ ಶಿಕ್ಷಕರು. ಅವರಲ್ಲಿ ಕೆಲವರು ಇತರ ಶಿಕ್ಷಕರಿಗೆ ಕಲಿಸುವವರಾದರು. ಹಾಗಾಗಿ ಯಂತ್ರವು ಹಟ ಹಿಡಿದಾಗ ದೂರದ ಕಂಪೆನಿಗೆ ಬರೆಯುವ ಬದಲು ಪಕ್ಕದ ಶಾಲೆಯ ಮೇಷ್ಟರನ್ನು ಕೇಳುವ ಅನುಕೂಲವು ಏರ್ಪಟ್ಟಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಈ ವ್ಯವಸ್ಥೆಗೆ ಸೇರಿದುವೇ.

ಹಾಗಾದರೆ ಒಂದು ತಂತ್ರಾಂಶದ ಸಮುದಾಯವು ಜೀವಂತವಾಗಿರುವುದೆಂದು ತಿಳಿಯುವ ಬಗೆ ಹೇಗೆ? ಅದನ್ನು ಬಳಸುವವರು ಪ್ರಶ್ನೋತ್ತರ ನಡೆಸುವ ಸ್ಥಳಕ್ಕೆ ಹೋಗಿ ಮೌನವಾಗಿ ಕೆಲಕಾಲ ಓದುವುದು ಉತ್ತಮ ಉಪಾಯ. ಈ ತಿಂಗಳು ಕೇಳಿದ ಪ್ರಶ್ನೆಗಳಿಗೆ ಈ ತಿಂಗಳಲ್ಲಿಯೇ ಉತ್ತರ ಬಂದಿದೆಯೇ, ಹೊಸಬನ ಸಾಮಾನ್ಯ ಪ್ರಶ್ನೆಗೂ ತಾಳ್ಮೆಯಿಂದ ಹೇಳುವವರಿದ್ದಾರೆಯೇ, ಉತ್ತರ ಹೇಳುವವರು ಒಬ್ಬರೇ ಆಗಿದ್ದು ಆ ಒಬ್ಬರು ದಣಿದರೆ ಎಲ್ಲವೂ ನಿಲ್ಲುವಂತಿದೆಯೇ, ಇವುಗಳನ್ನು ಗಮನಿಸಿದವನಿಗೆ ಯಾವ ವಿಮರ್ಶಕನೂ ಹೇಳಲಾರದ ಸಂಗತಿಗಳು ತಿಳಿದುಬರುತ್ತವೆ.

ಇಂಥ ಸಮುದಾಯಗಳ ಜ್ಞಾನವು ಎಂಥದೆಂಬುದಕ್ಕೆ ಕನ್ನಡದ ಬಳಕೆದಾರನಿಗೆ ನೇರವಾಗಿ ಸಂಬಂಧಿಸಿದ ಒಂದು ಉದಾಹರಣೆಯನ್ನು ನೋಡೋಣ. ಲಿಬ್ರೆಆಫೀಸಿನಲ್ಲಿ ಕನ್ನಡ ಲೇಖನವನ್ನು ಸಿದ್ಧಪಡಿಸುವವನು ಅಕ್ಷರರೂಪವನ್ನು ಬದಲಿಸಬೇಕೆಂದು ಶೈಲಿಯ ಪಟ್ಟಿಯನ್ನು ತೆರೆದು, ಮೊದಲು ಕಾಣುವ ಸ್ಥಳದಲ್ಲಿ ಹೊಸ ಹೆಸರನ್ನು ಆರಿಸುತ್ತಾನೆ; ಇಂಗ್ಲಿಷ್ ಪದಗಳು ಬದಲಾಗುತ್ತವೆ, ಕನ್ನಡವು ಇದ್ದಂತೆಯೇ ಇರುತ್ತದೆ. ತಂತ್ರಾಂಶವೇ ಕೆಟ್ಟಿದೆಯೆಂದು ಆತನು ತೀರ್ಮಾನಿಸುವುದು ಸಹಜ. ವಸ್ತುತಃ ಆ ತಂತ್ರಾಂಶವು ಪಾಶ್ಚಾತ್ಯ ಲಿಪಿಗಳಿಗೂ, ಅಕ್ಷರಗಳು ಒಂದರೊಡನೊಂದು ಕೂಡಿಕೊಳ್ಳುವ ಕನ್ನಡ, ಅರಬ್ಬಿ ಮೊದಲಾದ ಲಿಪಿಗಳಿಗೂ ಬೇರೆ ಬೇರೆ ಅಕ್ಷರರೂಪಗಳನ್ನು ನಿಗದಿಮಾಡುತ್ತದೆ. ಎರಡನೆಯದಕ್ಕೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂದು ಹೆಸರು. ಭಾಷೆಗಳ ಆಯ್ಕೆಯಲ್ಲಿ ಅದನ್ನು ಸಕ್ರಿಯಗೊಳಿಸಿ, ಅದರ ಕೆಳಗೆ ಕನ್ನಡದ ಅಕ್ಷರರೂಪವನ್ನು ಸೂಚಿಸಿದರೆ ಕೆಲಸವು ಸಲೀಸು. ಅಂತೆಯೇ ಪುಟ ಕಟ್ಟುವ ಇನ್‌ಡಿಸೈನ್ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರಗಳು ಚೆದರಿ ನಿಂತರೆ, ಪ್ಯಾರಾದ ಆಯ್ಕೆಗಳಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬುದನ್ನು ಆರಿಸಬೇಕು. ಎರಡೂ ಅರ್ಧ ನಿಮಿಷದ ಕೆಲಸ. ತಿಳಿಯದವನಿಗೆ ಮಾತ್ರ ಅರ್ಧ ದಿನದ ಹೋರಾಟ. ಯಂತ್ರ ಮಾರಿದ ಅಂಗಡಿಯವನು ಇದನ್ನು ಹೇಳಲಾರನು, ಏಕೆಂದರೆ ಆತನು ಕನ್ನಡದ ಪುಸ್ತಕವನ್ನು ಕಟ್ಟಿದವನಲ್ಲ. ಅದೇ ಹಳ್ಳದಲ್ಲಿ ಬಿದ್ದು ಎದ್ದ ಇನ್ನೊಬ್ಬ ಬಳಕೆದಾರನು ಹೇಳಬಲ್ಲನು.

ಆದರೆ ಉತ್ತರ ಪಡೆಯುವುದಕ್ಕೆ ಪ್ರಶ್ನೆ ಕೇಳುವ ಕ್ರಮವನ್ನು ಅರಿತಿರಬೇಕು. ‘ನನ್ನ ಕಂಪ್ಯೂಟರಿನಲ್ಲಿ ಕನ್ನಡ ಬರುತ್ತಿಲ್ಲ, ದಯವಿಟ್ಟು ಬೇಗ ತಿಳಿಸಿ’ ಎಂಬ ಪ್ರಶ್ನೆಗೆ ಸರ್ವಜ್ಞನೂ ಉತ್ತರ ಹೇಳಲಾರನು. ಬರದೆ ಹೋದದ್ದು ಕೀಲಿಮಣೆಯ ಕನ್ನಡವೋ, ಪರದೆಯ ಮೇಲಿನ ಅಕ್ಷರವೋ, ಮುದ್ರಿಸಿದ ಕಾಗದದ ಮೇಲಿನದೋ? ಹಳೆಯ ಕಡತದ್ದೋ, ಹೊಸದಾಗಿ ಬರೆದುದೋ? ಅದೇ ಪ್ರಶ್ನೆಯನ್ನು ‘ವಿಂಡೋಸ್ 11ರಲ್ಲಿ ಲಿಬ್ರೆಆಫೀಸ್ ಬಳಸುತ್ತಿದ್ದೇನೆ, ಹಿಂದೆ ನುಡಿಯಲ್ಲಿ ಬೆರಳಚ್ಚು ಮಾಡಿದ ಕಡತವನ್ನು ತೆರೆದರೆ ರೋಮನ್ ಚಿಹ್ನೆಗಳು ಕಾಣುತ್ತವೆ, ಹೊಸದಾಗಿ ಬರೆದ ಕನ್ನಡವು ಸರಿಯಾಗಿಯೇ ಇದೆ’ ಎಂದು ಕೇಳಿದರೆ, ಬಲ್ಲವನು ಓದಿದ ಕೂಡಲೆ ಇದು ಹಳೆಯ ಸಂಕೇತದ ಬರೆಹ, ಪರಿವರ್ತಕದಿಂದ ತಿರುಗಿಸಬೇಕು ಎಂದು ಹೇಳುತ್ತಾನೆ. ಇಂಗ್ಲೆಂಡಿನ ತಂತ್ರಜ್ಞ ಸೈಮನ್ ಟ್ಯಾಥಮ್ ಅವರು ದೋಷಗಳನ್ನು ವರದಿ ಮಾಡುವ ಬಗೆಯನ್ನು ಕುರಿತು 1999ರಲ್ಲಿ ಬರೆದ ಪ್ರಬಂಧದ ಸಾರವೂ ಇದೇ: ಏನು ಕೆಟ್ಟಿದೆಯೆಂಬ ನಮ್ಮ ಊಹೆಗಿಂತ, ಏನು ಮಾಡಿದೆವು, ಏನಾಗಬೇಕೆಂದಿದ್ದೆವು, ಏನಾಯಿತು ಎಂಬ ವೃತ್ತಾಂತವು ಮುಖ್ಯ. ಪರದೆಯಲ್ಲಿ ಕಂಡ ದೋಷಸೂಚನೆಯನ್ನು ನೆನಪಿನಿಂದ ಬರೆಯದೆ ಅಕ್ಷರಶಃ ಬರೆದುಕೊಂಡು ಕೊಡಬೇಕು. ತಂತ್ರಾಂಶದ ಆವೃತ್ತಿಯ ಸಂಖ್ಯೆಯನ್ನು ತಿಳಿಸಬೇಕು. ಈಗಾಗಲೇ ಪ್ರಯತ್ನಿಸಿದ ಪರಿಹಾರಗಳನ್ನು ಹೇಳಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕು. ಹೀಗೆ ಕ್ರಮವಾಗಿ ಬರೆಯತೊಡಗಿದವನಿಗೆ ಪ್ರಶ್ನೆಯು ಪೂರ್ತಿಯಾಗುವುದಕ್ಕೆ ಮೊದಲೇ ಉತ್ತರವು ಹೊಳೆಯುವುದು ಅಪರೂಪವಲ್ಲ.

ಶಿಷ್ಟಾಚಾರದ ಮಾತೂ ಒಂದುಂಟು. ಉತ್ತರ ಹೇಳುವವರು ಸಂಬಳದ ನೌಕರರಲ್ಲ. ತಮ್ಮ ಬಿಡುವಿನ ವೇಳೆಯನ್ನು ಅಪರಿಚಿತರಿಗಾಗಿ ವೆಚ್ಚ ಮಾಡುವವರು. ಕೇಳಿದ ಗಳಿಗೆಯಲ್ಲಿಯೇ ಉತ್ತರ ಬಾರದಿದ್ದರೆ ಮುನಿಯುವುದೂ, ಎಲ್ಲರೆದುರಿನ ಪ್ರಶ್ನೆಯನ್ನು ಬಿಟ್ಟು ಒಬ್ಬರನ್ನೇ ಖಾಸಗಿಯಾಗಿ ಪೀಡಿಸುವುದೂ ಸಲ್ಲದು. ಇದೆಲ್ಲಕ್ಕಿಂತ ಮುಖ್ಯವಾದುದೇನೆಂದರೆ, ಪರಿಹಾರ ದೊರೆತ ಮೇಲೆ ‘ಸರಿಹೋಯಿತು’ ಎಂದಷ್ಟೇ ಹೇಳಿ ಹೊರಟುಹೋಗದೆ, ಯಾವ ಕ್ರಮದಿಂದ ಸರಿಹೋಯಿತೆಂಬುದನ್ನು ಬರೆದಿಡುವುದು. ಏಕೆಂದರೆ ಅದೇ ಕಷ್ಟದಲ್ಲಿ ಸಿಕ್ಕಿಕೊಂಡ ಮತ್ತೊಬ್ಬನು ಮೂರು ವರ್ಷಗಳ ಅನಂತರ ಅದೇ ಸ್ಥಳಕ್ಕೆ ಬರುತ್ತಾನೆ. ಇತ್ತ ಉತ್ತರ ಹೇಳುವವರಲ್ಲಿಯೂ ದೋಷವಿಲ್ಲದೆ ಇಲ್ಲ. ಕೈಪಿಡಿಯನ್ನು ಓದು ಎಂದು ಗದರಿಸುವವರೂ, ಕೇಳಿದ್ದಕ್ಕೆ ಉತ್ತರಿಸದೆ ತಮಗೆ ಪ್ರಿಯವಾದ ಬೇರೊಂದು ತಂತ್ರಾಂಶವನ್ನು ಹೊಗಳುವವರೂ ಎಲ್ಲ ಕಡೆಯಲ್ಲಿಯೂ ಇದ್ದಾರೆ. ವಿದ್ಯೆಯ ಜೊತೆಗೆ ವಿನಯವಿಲ್ಲದಿದ್ದರೆ ಹೊಸಬರು ದೂರ ಸರಿಯುತ್ತಾರೆ, ಹೊಸಬರಿಲ್ಲದ ಸಮುದಾಯವು ಕ್ರಮೇಣ ಕ್ಷಯಿಸುತ್ತದೆ.

ಕನ್ನಡದ ಮಟ್ಟಿಗೆ ಇನ್ನೊಂದು ಕೊರತೆಯು ಎದ್ದು ಕಾಣುತ್ತದೆ. ನಮ್ಮಲ್ಲಿ ಬಲ್ಲವರಿಗೂ ಕೊರತೆಯಿಲ್ಲ, ಹೇಳುವ ಮನಸ್ಸಿಗೂ ಕೊರತೆಯಿಲ್ಲ. ಆದರೆ ಈಗಿನ ಪ್ರಶ್ನೋತ್ತರಗಳು ಬಹುತೇಕ ವಾಟ್ಸಾಪ್ ಗುಂಪುಗಳಲ್ಲಿ ನಡೆಯುತ್ತವೆ. ಬೆಳಗ್ಗೆ ಬಂದ ಒಳ್ಳೆಯ ಉತ್ತರವು ಸಂಜೆಯ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ. ಗುಂಪಿನ ಹೊರಗಿರುವವನು ಎಷ್ಟು ಹುಡುಕಿದರೂ ಅದು ದೊರೆಯದು. ಮರುತಿಂಗಳು ಅದೇ ಪ್ರಶ್ನೆಯನ್ನು ಮತ್ತೊಬ್ಬರು ಕೇಳುತ್ತಾರೆ, ಅದೇ ಪುಣ್ಯಾತ್ಮರು ಮತ್ತೆ ಉತ್ತರಿಸಿ ದಣಿಯುತ್ತಾರೆ. ಅದೇ ಉತ್ತರವನ್ನು ಹುಡುಕಿದವರಿಗೆಲ್ಲ ದೊರೆಯುವ ಸಾರ್ವಜನಿಕ ಸ್ಥಳದಲ್ಲಿ, ಕನ್ನಡದಲ್ಲಿಯೇ, ಒಮ್ಮೆ ಬರೆದಿಟ್ಟರೆ ಈ ವ್ಯರ್ಥ ಶ್ರಮವು ತಪ್ಪುವುದು.

ದೋಷವನ್ನು ಕಂಡ ಕನ್ನಡಿಗನು ಅದನ್ನು ತಂತ್ರಾಂಶವನ್ನು ರಚಿಸಿದವರಿಗೆ ತಿಳಿಸುವುದು ಇನ್ನೂ ದೊಡ್ಡ ಉಪಕಾರ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ದೂರವಾಣಿಗಳು ಇವೆಲ್ಲವೂ ಅಕ್ಷರಗಳನ್ನು ಕೂಡಿಸಿ ತೋರಿಸುವುದಕ್ಕಾಗಿ ಹಾರ್ಫ್‌ಬಜ್ ಎಂಬ ಒಂದೇ ಸ್ವತಂತ್ರ ತಂತ್ರಾಂಶವನ್ನು ಅವಲಂಬಿಸಿವೆ. ಒತ್ತಕ್ಷರವೊಂದು ಅದರಲ್ಲಿ ತಪ್ಪಾಗಿ ಮೂಡಿದರೆ ಕೋಟ್ಯಂತರ ಪರದೆಗಳಲ್ಲಿ ತಪ್ಪಾಗಿಯೇ ಮೂಡುವುದು. ಒಮ್ಮೆ ತಿದ್ದಿದರೆ ಎಲ್ಲ ಕಡೆಯಲ್ಲಿಯೂ ಸರಿಹೋಗುವುದು. ಆದರೆ ದೂರದೇಶದಲ್ಲಿ ಕುಳಿತು ಅದನ್ನು ತಿದ್ದಬಲ್ಲ ತಂತ್ರಜ್ಞನಿಗೆ ಕನ್ನಡ ಓದಲು ಬಾರದು. ‘ರ್ಯ’ ಎಂಬುದು ಎಲ್ಲಿ ಹೇಗಿರಬೇಕೆಂಬುದನ್ನು ಆತನು ಊಹಿಸಲಾರನು. ಆ ತಪ್ಪನ್ನು ಕಾಣಬಲ್ಲ ಕಣ್ಣು ಕನ್ನಡ ಓದುವವನದು ಮಾತ್ರ. ಸರಿಯಾದ ರೂಪದ ಚಿತ್ರವನ್ನೂ ತಪ್ಪಾದ ರೂಪದ ಚಿತ್ರವನ್ನೂ ಜೊತೆಯಲ್ಲಿಟ್ಟು ಹತ್ತು ಸಾಲು ಬರೆದು ಕಳುಹಿಸುವುದಕ್ಕೆ ಮೂಲಸಂಕೇತದ ಜ್ಞಾನವು ಬೇಕಿಲ್ಲ; ನಾಲ್ಕನೆಯ ತರಗತಿಯ ಕನ್ನಡವೂ ಸ್ವಲ್ಪ ತಾಳ್ಮೆಯೂ ಸಾಕು.

ನೆರವನ್ನು ಅರಸುವವನು ವಂಚಕರ ಬಲೆಗೆ ಬೀಳದಂತೆಯೂ ಎಚ್ಚರವಾಗಿರಬೇಕು. ಹುಡುಕಿದಾಗ ಮೊದಲು ಕಾಣುವ ‘ಗ್ರಾಹಕ ಸೇವೆ’ಯ ದೂರವಾಣಿ ಸಂಖ್ಯೆಗಳಲ್ಲಿ ಕಳ್ಳರ ಸಂಖ್ಯೆಗಳೂ ಸೇರಿರುತ್ತವೆ. ದೂರದಿಂದಲೇ ಯಂತ್ರವನ್ನು ನಡೆಸಲು ಅವಕಾಶ ಕೊಡುವ ಎನಿಡೆಸ್ಕ್ ಎಂಬ ತಂತ್ರಾಂಶವು ಸ್ವತಃ ನಿರ್ದುಷ್ಟವಾದರೂ, ಅದನ್ನು ಹಾಕಿಸಿ ಬ್ಯಾಂಕಿನ ಖಾತೆಯನ್ನು ಬರಿದು ಮಾಡುವ ಮೋಸದ ಬಗೆಗೆ 2019ರ ಫೆಬ್ರವರಿಯಲ್ಲಿಯೇ ಭಾರತೀಯ ರಿಜರ್ವ್ ಬ್ಯಾಂಕು ಎಚ್ಚರಿಕೆ ಕೊಟ್ಟಿತ್ತು. ನಿಜವಾದ ಬಳಕೆದಾರ ಸಮುದಾಯವು ಎಲ್ಲರೆದುರಿಗೆ ಮಾತನಾಡುತ್ತದೆ. ಅದು ಒಟಿಪಿಯನ್ನಾಗಲಿ, ಗುಪ್ತಪದವನ್ನಾಗಲಿ, ಯಂತ್ರದ ಮೇಲಿನ ಅಧಿಕಾರವನ್ನಾಗಲಿ ಕೇಳುವುದಿಲ್ಲ. ಕೇಳಿದವನು ನೆರವಿಗೆ ಬಂದವನಲ್ಲವೆಂದೇ ತಿಳಿಯತಕ್ಕದ್ದು. ಮೋಸಹೋದವರು ನಾಚಿ ಸುಮ್ಮನಿರದೆ ತತ್‌ಕ್ಷಣವೇ ಸೈಬರ್ ಅಪರಾಧಗಳ ಸಹಾಯವಾಣಿಯಾದ 1930ಕ್ಕೆ ಕರೆಮಾಡಿ ತಿಳಿಸಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ತಂತ್ರಾಂಶಗಳ ಗುಣಾವಗುಣಗಳನ್ನು ತೂಗುವ ಪಟ್ಟಿಗಳು ಪ್ರತಿ ವರ್ಷವೂ ಬದಲಾಗುತ್ತವೆ. ಇಂದು ಒಂದರಲ್ಲಿರುವ ಸೌಕರ್ಯವು ನಾಳೆ ಇನ್ನೊಂದರಲ್ಲಿ ಬರುತ್ತದೆ. ಬರೆಹವು ನಮ್ಮದಾಗಿ ಉಳಿಯುವ ಕಡತರೂಪವೂ, ಕೇಳಿದರೆ ಹೇಳುವ ಜನರೂ ಇರುವ ಕಡೆಯಲ್ಲಿ ಸಣ್ಣಪುಟ್ಟ ಕೊರತೆಗಳನ್ನು ತಾಳಿಕೊಳ್ಳಬಹುದು. ಇವೆರಡೂ ಇಲ್ಲದ ಕಡೆಯಲ್ಲಿ ಎಷ್ಟು ಸೌಕರ್ಯವಿದ್ದರೂ ನೆಚ್ಚುವಂತಿಲ್ಲ. ಮತ್ತು ಆ ಜನರು ಎಲ್ಲಿಂದಲೋ ಬರತಕ್ಕವರಲ್ಲ. ನಿನ್ನೆ ಪ್ರಶ್ನೆ ಕೇಳಿದವರೇ ಇಂದು ಉತ್ತರ ಹೇಳುವವರಾಗದಿದ್ದರೆ ಯಾವ ಸಮುದಾಯವೂ ಎರಡನೆಯ ತಲೆಮಾರನ್ನು ಕಾಣದು. ಆದಕಾರಣ ತಂತ್ರಾಂಶವನ್ನು ಆರಿಸಿಕೊಂಡವನ ಕರ್ತವ್ಯವು ಅದನ್ನು ಕಲಿಯುವುದರಿಂದ ಮುಗಿಯುವುದಿಲ್ಲ. ತಾನು ಪಡೆದ ಉತ್ತರಗಳಲ್ಲಿ ಒಂದನ್ನಾದರೂ ತಿಳಿಗನ್ನಡದಲ್ಲಿ, ಎಲ್ಲರಿಗೂ ಸಿಕ್ಕುವಂತೆ, ಬರೆದಿಡುವವರೆಗೆ ಆತನ ಲೆಕ್ಕದಲ್ಲಿ ಬಾಕಿ ಉಳಿದೇ ಇರುತ್ತದೆ.